ಹಿಂದಿನ ಕೋಣೆಯ ಗೋಡೆ ಒಣಗುವ ತನಕ

ಮಾರ್ಚ್ ೪

ಮನೆಯ ಯಜಮಾನಿಯವರಿಗೆ ನಮಸ್ಕಾರ.

ನಾನು ಔಷಧಿ ಅಂಗಡಿಯವನು, ನಮ್ಮ ನೆರೆಹೊರೆ ರಿಪೇರಿ ಬಳಗದ ಮುಂದಾಳು. ಮೂರು ಭಾನುವಾರ ಹನ್ನೊಂದು ಜನ ನಿಮ್ಮ ಮನೆಯಲ್ಲಿ ದುಡಿದು, ನಿನ್ನೆ ಸಂಜೆ ಬೀಗದ ಕೈ ನಿಮಗೆ ಒಪ್ಪಿಸಿದೆವು. ಈ ಪತ್ರ ಬರೆಯಲು ಸಂಕೋಚವಾಗುತ್ತಿದೆ. ಆದರೂ ಬರೆಯುತ್ತೇನೆ.

ನಮ್ಮ ಪದ್ಧತಿಯನ್ನು ಮೊದಲೇ ಹೇಳಿದ್ದೆ. ರಿಪೇರಿಯ ದಿನ ಮನೆಯವರು ಬೆಳಿಗ್ಗೆಯೇ ಪಕ್ಕದ ಮನೆಗೆ ಹೋಗಿಬಿಡಬೇಕು. ಕಡೆಯ ಭಾನುವಾರ ಸಂಜೆ ಅವರ ಕಣ್ಣು ಮುಚ್ಚಿಸಿ ಒಳಗೆ ಕರೆತಂದು ‘ಈಗ ನೋಡಿ’ ಅನ್ನುತ್ತೇವೆ. ಇಪ್ಪತ್ತಾರು ಮನೆಗಳಲ್ಲಿ ಹೀಗೇ ಮಾಡಿದ್ದೇವೆ. ಜನ ಅತ್ತಿದ್ದಾರೆ, ನಕ್ಕಿದ್ದಾರೆ, ಒಬ್ಬ ಅಜ್ಜ ಖುಷಿಗೆ ನನ್ನನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಉಳುಕಿಸಿಕೊಂಡರು. ನೀವು ಮಾತ್ರ ಕಣ್ಣು ಬಿಟ್ಟವರೇ ನೇರ ಹಿಂದಿನ ಕೋಣೆಗೆ ಹೋಗಿ, ಹೊಸ ಬಣ್ಣದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿಟಕಿಯಿಂದ ಬಗ್ಗಿ ನೋಡಿ, ‘ಇಲ್ಲಿ ಮಣ್ಣು ಸುರಿದಿದ್ದು ಯಾರು?’ ಎಂದಿರಿ. ಆಗ ತೆಗೆದ ಫೋಟೋದಲ್ಲಿ ನಿಮ್ಮ ಮುಖ ಪೊಲೀಸರು ಹಿಡಿದು ತಂದವರ ಹಾಗೆ ಬಂದಿದೆ.

ಆ ಮಣ್ಣು ಸುರಿದವರು ನಮ್ಮ ಬಳಗದ ಬ್ಯಾಂಕಿನ ಮೇಡಂ. ನೀವು ಕೊಟ್ಟ ಕೆಲಸದ ಪಟ್ಟಿಯಲ್ಲಿ ಇಲ್ಲದಿದ್ದರೂ, ಕಿಟಕಿಯಿಂದ ಹೂವು ಕಾಣಲಿ ಎಂದು ಗೋಡೆಗುಂಟ ಹೂವಿನ ಪಾತಿ ಕಟ್ಟಿದರು. ನಾಲ್ಕು ಗಂಟೆ ಮಂಡಿಯೂರಿ ಕೂತಿದ್ದರು. ನಿನ್ನೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವರು ಉಗುರಿನ ಮಣ್ಣು ಕೆರೆಯುತ್ತಾ ನಡೆದರು.

ನಿಮ್ಮಿಂದ ಎರಡು ಸಾಲಿನ ಧನ್ಯವಾದ ಬಂದರೆ ನಮ್ಮ ಬಳಗದ ಸೂಚನಾ ಹಲಗೆಗೆ ಹಾಕುತ್ತೇನೆ. ಹುಡುಕಿಕೊಂಡು ಬಂದು ದುಡಿಯುವವರಿಗೆ ಅದೊಂದೇ ಸಂಬಳ.

ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯವನು


ಮಾರ್ಚ್ ೯

ಔಷಧಿ ಅಂಗಡಿಯವರಿಗೆ ನಮಸ್ಕಾರ.

ಕಾಗದ ಬಂತು. ಫೋನ್ ಮಾಡೋಣ ಅಂದ್ಕೊಂಡೆ. ಆದ್ರೆ ಫೋನಲ್ಲಿ ನಾನು ಜಗಳಕ್ಕೆ ನಿಂತುಬಿಡ್ತೀನಿ, ಕಾಗದದಲ್ಲಾದ್ರೆ ಸ್ವಲ್ಪ ಮನುಷ್ಯರ ಹಾಗೆ ಮಾತಾಡ್ತೀನಿ. ಅದಕ್ಕೇ ಬರೀತಿದ್ದೀನಿ.

ಮೊದಲು ಧನ್ಯವಾದ. ಬಾಯಿಮಾತಿಗಲ್ಲ, ನಿಜವಾಗ್ಲೂ. ಅಡುಗೆಮನೆ ಸೂರು ಸೋರೋದು ನಿಂತಿದೆ. ಮುಂಬಾಗಿಲ ಚಿಲಕ ಒಂದೇ ಸಲಕ್ಕೆ ಬೀಳುತ್ತೆ. ನಿಮ್ಮ ಬಳಗದ ಬಸ್ ಡ್ರೈವರ್ ಅವರು ಬಚ್ಚಲ ಮೆಟ್ಟಿಲಿಗೆ ಹಾಕಿದ ಹಿಡಿಕೇನ ಜೋತುಬಿದ್ದು ನೋಡ್ದೆ, ಒಂದಿಷ್ಟೂ ಅಲ್ಲಾಡಲ್ಲ. ಇಷ್ಟನ್ನ ಕತ್ತರಿಸಿ ನಿಮ್ಮ ಹಲಗೆಗೆ ಹಾಕ್ಕೊಳ್ಳಿ. ಮುಂದಿನದು ನಿಮಗೆ ಮಾತ್ರ.

ನಿಮ್ಮ ಅರ್ಜಿಯಲ್ಲಿ ನನ್ನ ವಯಸ್ಸು ಕೇಳಿದ್ರಿ, ಕಾಯಿಲೆ ಕೇಳಿದ್ರಿ, ಮನೇಲಿ ಎಷ್ಟು ಜನ ಕೇಳಿದ್ರಿ. ಏನು ಕೆಲಸ ಮಾಡ್ತಿದ್ದೆ ಅಂತ ಕೇಳಲಿಲ್ಲ. ಮೂವತ್ತೊಂದು ವರ್ಷ ಕಟ್ಟಡದ ಕೆಲಸ ಕಣ್ರೀ. ಸಿಮೆಂಟು, ಮರಳು, ನೀರು ಸೇರಿಸಿ ಮಾಲು ಕಲಸಿ, ಬಾಂಡ್ಲೀಲಿ ಹೊತ್ತು ಮೇಸ್ತ್ರಿಗಳಿಗೆ ಕೊಡೋಳು. ನೀವು ಬರೀ ಕಾಯಿಲೆ ಕೇಳಿದ್ದಕ್ಕೆ ನಾನೂ ಮಂಡಿನೋವು ಅಂತ ಬರೆದು ಸುಮ್ಮನಾದೆ.

ಆ ಗೋಡೆ ತೇವ ಕುಡಿಯೋದು ಹೊರಗಡೆಯಿಂದ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರ ಇದೆ. ಮೊದಲು ಆ ಮಣ್ಣು ತೆಗೀಬೇಕು. ನೀವು ಅದರ ಮೇಲೆ ಇನ್ನೊಂದು ಮೊಳ ಮಣ್ಣು ಏರಿಸಿ, ದಿನಾ ನೀರು ಹಾಕಿ ಅಂತ ಚೀಟಿ ಬೇರೆ ಅಂಟಿಸಿದ್ದೀರಿ! ಒಳಗೆ ಹಸಿ ಪ್ಲಾಸ್ಟರ್ ಮೇಲೆ ಎರಡನೇ ವಾರಕ್ಕೇ ಬಣ್ಣ ಬಳಿದ್ರಿ. ಒಳಗಿನ ನೀರು ಎಲ್ಲಿಗೆ ಹೋಗಬೇಕು ಹೇಳಿ. ಈ ತಿಂಗಳು ಮುಗಿಯೋದ್ರೊಳಗೆ ಹಪ್ಪಳದ ಹಾಗೆ ಏಳುತ್ತೆ, ಬರೆದಿಟ್ಕೊಳ್ಳಿ.

ಮೊದಲ ಭಾನುವಾರ ಪಕ್ಕದ ಮನೇಲಿ ಕೂತು ನಿಮ್ಮ ಸಲಿಕೆ ಸದ್ದು ಕೇಳ್ತಿದ್ದೆ. ಮಾಲು ನೀರಾಗಿದೆ ಅಂತ ಸದ್ದಲ್ಲೇ ಗೊತ್ತಾಯ್ತು. ಓಡಿ ಬಂದು ಹೇಳ್ದೆ, ನೆನಪಿದೆಯಾ? ನಗ್ತಾ ನನ್ನ ಭುಜ ಹಿಡ್ಕೊಂಡು ವಾಪಸ್ ಕರ್ಕೊಂಡು ಹೋಗಿ ಬಿಟ್ರಿ. ‘ನೀವು ಹಾಯಾಗಿ ಕೂತ್ಕೊಳ್ಳಿ ಅಮ್ಮ’ ಅಂದ್ರಿ. ಹಾಯಾಗಿ!

ನಾನು ಅರ್ಜಿ ಹಾಕಿದ್ದೇ ಆ ಒಂದು ಕೋಣೆಗೆ. ನನ್ನ ಅಕ್ಕ ಎರಡು ವರ್ಷದಿಂದ ಆಸ್ಪತ್ರೆಯ ದೊಡ್ಡ ವಾರ್ಡಲ್ಲಿದ್ದಾಳೆ. ಅವಳಿಗೆ ಶ್ವಾಸದ ತೊಂದರೆ. ಹೋದ ಸಲ ಮನೇಲಿದ್ದಾಗ ಈ ಕೋಣೆಯ ತೇವಕ್ಕೇ ಕೆಮ್ಮಿ ಕೆಮ್ಮಿ ನೀಲಿಯಾದಳು. ಜೂನ್ ಹತ್ತಕ್ಕೆ ಆಸ್ಪತ್ರೆಯಿಂದ ನರ್ಸಮ್ಮ ಬಂದು ಕೋಣೆ ನೋಡ್ತಾರೆ. ಗೋಡೆ ಒಣಗಿದ್ರೆ ಅಕ್ಕ ಮನೆಗೆ, ಇಲ್ಲಾಂದ್ರೆ ಇನ್ನೊಂದು ವರ್ಷ ಅಲ್ಲೇ. ಅವಳಿಗೆ ಎಪ್ಪತ್ತೊಂದು. ಇನ್ನೊಂದು ವರ್ಷ ಅನ್ನೋ ಮಾತು ನನ್ನ ಕೈಲಿ ಅವಳಿಗೆ ಹೇಳೋಕಾಗಲ್ಲ.

ಬನ್ನಿ, ಕಿತ್ತು ಮತ್ತೆ ಮಾಡೋಣ. ಈ ಸಲ ನಾನೂ ಜೊತೇಲಿರ್ತೀನಿ.

ಇಂತಿ,
ನಗದೇ ಇದ್ದ ಯಜಮಾನಿ


ಮಾರ್ಚ್ ೧೪

ಯಜಮಾನಿಯವರಿಗೆ ನಮಸ್ಕಾರ.

ನಿಮ್ಮ ಅಕ್ಕನವರ ವಿಷಯ ನಮಗೆ ಗೊತ್ತಿರಲಿಲ್ಲ. ಓದಿ ಬೇಸರವಾಯಿತು. ಆದರೆ ಬಳಗದ ನಿಯಮವನ್ನು ನಾನೊಬ್ಬನೇ ಮುರಿಯುವಂತಿಲ್ಲ. ಒಂದು ಮನೆಗೆ ಮೂರೇ ಭಾನುವಾರ. ಸಾಲಿನಲ್ಲಿ ಇನ್ನೂ ನಲವತ್ತು ಮನೆಗಳಿವೆ. ಮಾಡಿದ್ದನ್ನೇ ಮಾಡುತ್ತಾ ಕೂತರೆ ಅವರಿಗೆ ಏನು ಹೇಳಲಿ?

ಮನೆಯವರು ಕೆಲಸಕ್ಕೆ ಕೈ ಹಾಕಬಾರದು ಎಂಬುದೂ ಸುಮ್ಮನೆ ಮಾಡಿದ್ದಲ್ಲ. ಒಂದು ಮನೆಯಲ್ಲಿ ಹಿರಿಯರೊಬ್ಬರು ಸಹಾಯ ಮಾಡುತ್ತೇನೆಂದು ಏಣಿ ಹತ್ತಿ ಬಿದ್ದು ಕಾಲು ಮುರಿದುಕೊಂಡರು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗೋಡೆಯ ಬಗ್ಗೆ ನೀವು ಅನಗತ್ಯ ಚಿಂತೆ ಮಾಡುತ್ತಿದ್ದೀರಿ ಅನಿಸುತ್ತದೆ. ನಾವು ಕೈಪಿಡಿಯ ಪ್ರಕಾರವೇ ಮಾಡಿದ್ದೇವೆ. ಅಳತೆಯ ವಿಷಯದಲ್ಲಿ ನಾನು ಎಡವುವವನಲ್ಲ. ಮೂವತ್ತು ವರ್ಷದಿಂದ ಹನಿ ಲೆಕ್ಕದಲ್ಲಿ ಔಷಧಿ ಕೊಡುತ್ತಿದ್ದೇನೆ. ಕಿಟಕಿ ತೆರೆದಿಡಿ, ಗಾಳಿಯಾಡಲಿ. ಎಲ್ಲವೂ ಸರಿಹೋಗುತ್ತದೆ.

ವಿಶ್ವಾಸವಿರಲಿ,
ಔಷಧಿ ಅಂಗಡಿಯವನು


ಏಪ್ರಿಲ್ ೩

ಅಂಗಡಿಯವರೇ,

ಲಕೋಟೆ ಒಳಗೆ ಇರೋ ಹಳದಿ ಚೂರು ಏನು ಅಂತ ತಲೆ ಕೆಡಿಸ್ಕೋಬೇಡಿ. ಅದು ನಿಮ್ಮ ಬಣ್ಣ. ಊದಿ, ಗುಳ್ಳೆಯಾಗಿ, ಹೋದ ವಾರ ನಾನು ಕಸ ಗುಡಿಸ್ತಿರೋವಾಗ ತಾನಾಗೇ ಕಳಚಿಬಿತ್ತು. ಹಿಂದುಗಡೆ ಬೆಳ್ಳಗೆ ಅಂಟಿರೋದು ಉಪ್ಪು. ನಾಲಿಗೆ ಮೇಲಿಟ್ಟು ನೋಡಿ, ನಿಮ್ಮ ಕೈಪಿಡೀಲಿ ಇದರ ಬಗ್ಗೆ ಏನು ಬರೆದಿದೆ ಹೇಳಿ.

ನಾನು ಸುಮ್ಮನೆ ಕೂರಲಿಲ್ಲ. ನಿಮ್ಮ ಪತ್ರ ಬಂದ ಮಾರನೇ ದಿನವೇ ಪಾತಿ ತೆಗೆದೆ. ಒಂದೊಂದೇ ಗಿಡಾನ ಬೇರಿನ ಮಣ್ಣು ಉದುರದ ಹಾಗೆ ಎತ್ತಿ ಗೇಟಿನ ಪಕ್ಕ ನೆಟ್ಟೆ. ಎರಡು ಸತ್ತವು, ಮಿಕ್ಕಿದ್ದೆಲ್ಲ ಚೆನ್ನಾಗಿವೆ ಅಂತ ಬ್ಯಾಂಕಿನ ಮೇಡಂಗೆ ದಯವಿಟ್ಟು ಹೇಳಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಿಡ ನೆಡೋ ಕೈ ಒಳ್ಳೇದೇ, ನೆಟ್ಟ ಜಾಗ ಕೆಟ್ಟದ್ದು ಅಷ್ಟೇ. ಆಮೇಲೆ ದಿನಕ್ಕೆ ಒಂದು ಗಂಟೆ, ಮಂಡಿ ಕೇಳಿದಷ್ಟು ಹೊತ್ತು ಅಂತ, ಗೋಡೆಗುಂಟ ಮೊಣಕಾಲಾಳದ ಕಾಲುವೆ ತೋಡಿದೆ. ಒಳಗಿನ ಪ್ಲಾಸ್ಟರ್‌ನ ಎದೆಮಟ್ಟದವರೆಗೆ ಕೆತ್ತಿ ಹಾಕಿದೆ. ಈಗ ಇಟ್ಟಿಗೆ ಬೆತ್ತಲೆ ನಿಂತಿದೆ, ಗಾಳಿ ಕುಡೀತಿದೆ. ತಿಂಗಳ ಕೊನೆವರೆಗೂ ಹಾಗೇ ಬಿಡಬೇಕು.

ಆಮೇಲೆ ಪ್ಲಾಸ್ಟರ್. ಇಲ್ಲೊಂದು ನಿಜ ಹೇಳ್ತೀನಿ, ನಗಬೇಡಿ. ಮೂವತ್ತೊಂದು ವರ್ಷದಲ್ಲಿ ಮೇಸ್ತ್ರಿ ಮಾಲು ಬಳಿಯೋ ಕರಣೆ ನನ್ನ ಕೈಗೆ ಬಂದಿದ್ದು ತೊಳೆದಿಡೋಕೆ ಮಾತ್ರ. ಮಾಲನ್ನ ಗೋಡೆಗೆ ಹೇಗೆ ಬೀಸಬೇಕು, ಮಟ್ಟ ಮಾಡೋ ಹಲಗೆ ಹೇಗೆ ಆಡಿಸಬೇಕು, ಎಲ್ಲಾ ಕಣ್ಣಿಗೆ ಗೊತ್ತು. ಕೈಗೆ ಗೊತ್ತಿಲ್ಲ. ಒಂದು ಸಲ ಕೇಳಿದ್ದೆ, ಒಂದು ಮೂಲೆ ನಾನು ಮಾಡ್ಲಾ ಅಂತ. ಮೇಸ್ತ್ರಿ ಇಡೀ ಕಟ್ಟಡಕ್ಕೆ ಕೇಳೋ ಹಾಗೆ ನಕ್ಕ. ಆಮೇಲೆ ಕೇಳಲಿಲ್ಲ.

ಆದ್ರೂ ಮಾಡ್ತೀನಿ. ನೀವು ಬಂದ್ರೂ ಮಾಡ್ತೀನಿ, ಬರದಿದ್ರೂ ಮಾಡ್ತೀನಿ. ಮಾಲು ಹೊರೋಕೆ ಮಾತ್ರ ಮಂಡಿ ಒಪ್ತಿಲ್ಲ. ಹೇಳಿದ್ದು ಕೇಳೋ ಇಬ್ಬರು ಸಿಕ್ಕಿದ್ರೆ ಸಾಕು.

ಇಂತಿ,
ಅಕ್ಕನ ತಂಗಿ


ಏಪ್ರಿಲ್ ೧೧

ಅಮ್ಮನವರಿಗೆ ನಮಸ್ಕಾರ.

ಎಂಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮೆಯಿರಲಿ. ಮೊದಲ ಮೂರು ದಿನ ನನಗೆ ಸಿಟ್ಟಿತ್ತು. ನಾಲ್ಕನೇ ದಿನ ಅಂಗಡಿ ಮುಚ್ಚಿ, ನಾವು ಹಿಂದೆ ರಿಪೇರಿ ಮಾಡಿದ ಮನೆಗಳಿಗೆ ಒಬ್ಬನೇ ಹೋದೆ. ಫೋಟೋ ತೆಗೆದ ಮೇಲೆ ಆ ಮನೆಗಳಿಗೆ ನಾನು ಕಾಲಿಟ್ಟಿರಲಿಲ್ಲ. ಒಂಬತ್ತು ಮನೆ ನೋಡಿದೆ. ಆರರಲ್ಲಿ ಗೋಡೆ ಗುಳ್ಳೆಯೆದ್ದಿದೆ. ಒಬ್ಬರೂ ದೂರು ಕೊಟ್ಟಿರಲಿಲ್ಲ. ‘ಅಷ್ಟೊಂದು ಕಷ್ಟಪಟ್ಟಿದ್ದೀರಿ, ಹೇಗೆ ಹೇಳೋದು’ ಎಂದರು. ಸೊಂಟ ಉಳುಕಿಸಿಕೊಂಡ ಅಜ್ಜ ನಾನು ಬಂದೆನೆಂದು ಗುಳ್ಳೆಯ ಮುಂದೆ ಕುರ್ಚಿ ಎಳೆದು ಕೂತು ಮರೆಮಾಡಿದರು. ನನಗೆ ಬಹಳ ನಾಚಿಕೆಯಾಯಿತು.

ಇನ್ನೊಂದು ವಿಷಯ. ನಾನು ಎತ್ತಿ ಎತ್ತಿ ಹೇಳುವ ಆ ಕೈಪಿಡಿ ಬರೆದವನು ನಾನೇ. ಅಲ್ಲಿ ಇಲ್ಲಿ ಓದಿದ್ದನ್ನು ಸೇರಿಸಿ ಬರೆದೆ. ಬಣ್ಣವನ್ನು ಬೇಗ ಹಚ್ಚಿ ಎಂದು ಸೇರಿಸಿದ್ದು ಕಡೆಯ ಭಾನುವಾರದ ಫೋಟೋಗೋಸ್ಕರ.

ಬಳಗದ ಸಭೆಯಲ್ಲಿ ನಿಮ್ಮ ಮನೆಯ ಮಾತೆತ್ತಿದೆ. ಮೂರು ಭಾನುವಾರದ ನಿಯಮ ಸಡಿಲಿಸಲು ಹೆಚ್ಚಿನವರು ಒಪ್ಪಲಿಲ್ಲ. ಹಾಗಾಗಿ ಬಳಗದ ಪರವಾಗಿ ಬರುವುದಿಲ್ಲ, ನಾನಾಗಿ ಬರುತ್ತೇನೆ. ಬ್ಯಾಂಕಿನ ಮೇಡಂ ಮತ್ತು ಬಸ್ ಡ್ರೈವರ್ ಕೂಡ ಬರುತ್ತಾರೆ. ಗಿಡಗಳ ಸುದ್ದಿ ಹೇಳಿದ್ದಕ್ಕೆ ಮೇಡಂ ‘ಯಾವ ಭಾನುವಾರ?’ ಎಂದು ಮಾತ್ರ ಕೇಳಿದರು.

ಯಾವ ಭಾನುವಾರ?

ಔಷಧಿ ಅಂಗಡಿಯವನು


ಏಪ್ರಿಲ್ ೧೫

ಅಂಗಡಿಯವರಿಗೆ,

ಇಪ್ಪತ್ತೆಂಟಕ್ಕೆ ಬನ್ನಿ. ಅವತ್ತಿಗೆ ಇಟ್ಟಿಗೆ ಒಣಗಿರುತ್ತೆ. ಅಲ್ಲಿಂದ ಒಂದು ವಾರ ಗೋಡೆಗೆ ನೀರು ಹೊಡೀಬೇಕು, ಆಮೇಲೆ ಐದು ವಾರ ಒಣಗಬೇಕು. ಜೂನ್ ಹತ್ತಕ್ಕೆ ಸರಿಯಾಗಿ ಬರುತ್ತೆ. ಒಂದು ಭಾನುವಾರ ತಪ್ಪಿದ್ರೂ ಕೆಟ್ಟೆವು.

ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ನನ್ನನ್ನ ಪಕ್ಕದ ಮನೆಗೆ ಕಳಿಸೋ ಹಾಗಿಲ್ಲ. ಅವರೂ ನನ್ನ ಮುಖ ನೋಡಿ ನೋಡಿ ಸಾಕಾಗಿದ್ದಾರೆ. ‘ಕೂತ್ಕೊಳ್ಳಿ ಅಮ್ಮ’ ಅಂತ ಯಾರಾದ್ರೂ ಅಂದ್ರೆ ಅವತ್ತು ಟೀ ಇಲ್ಲ. ಏಣಿ ನಾನು ಹತ್ತಲ್ಲ, ಆ ಹಿರಿಯರ ಕಾಲಿನ ವಿಷಯ ನನಗೂ ಅರ್ಥ ಆಗುತ್ತೆ. ಎದೆಮಟ್ಟದ ಕೆಲಸಕ್ಕೆ ಏಣಿ ಬೇಕಾಗೂ ಇಲ್ಲ.

ಮಾಲು ನೀವು ಕಲಸ್ತೀರಿ. ಕರಣೆ ನಾನು ಹಿಡೀತೀನಿ.

ಇಂತಿ,
ಅಕ್ಕನ ತಂಗಿ


ಏಪ್ರಿಲ್ ೩೦

ಅಂಗಡಿಯವರಿಗೆ,

ಮೊನ್ನೆ ಎಲ್ಲಾ ಒಟ್ಟಿಗೇ ಇದ್ವಿ, ಹೊಸದಾಗಿ ಬರೆಯೋಕೆ ಏನಿಲ್ಲ ಅಂತ ನಿಮಗನ್ನಿಸಬಹುದು. ಇದೆ.

ಮೊದಲ ಮೂರು ಸಲ ನಾನು ಬೀಸಿದ ಮಾಲು ನೇರ ನನ್ನ ಪಾದದ ಮೇಲೆ ಬಿತ್ತು. ಮೇಡಂ ನಕ್ಕರು, ಡ್ರೈವರ್ ನಕ್ಕರು, ನನಗೂ ನಗು ಬಂತು. ಅಲ್ಲಿವರೆಗೆ ಎಲ್ಲಾ ಚೆನ್ನಾಗಿತ್ತು. ನಾಲ್ಕನೇ ಸಲಾನೂ ಜಾರಿದಾಗ ನನಗೆ ಹೆದರಿಕೆ ಆಯ್ತು ಕಣ್ರೀ. ಅವತ್ತು ಆ ಮೇಸ್ತ್ರಿ ನಕ್ಕಿದ್ದು ಸರಿಯೇ ಇತ್ತೇನೋ, ನನ್ನ ಕೈಲಿ ಆಗಲ್ಲವೇನೋ, ಅಕ್ಕ ಅಲ್ಲೇ ಉಳೀತಾಳೇನೋ ಅಂತ. ಆಗಲೇ ನೀವು ಬಾಂಡ್ಲಿ ತಂದ್ರಿ. ಮಾಲು ಅಂಬಲಿ ಆಗಿತ್ತು. ನಾನು ನಿಮ್ಮ ಮೇಲೆ ಹಾರಿಬಿದ್ದೆ. ‘ಕೈಗೆ ಲಕ್ವ ಹೊಡೆದಿದ್ಯಾ? ಹೊಟ್ಟೆಗೆ ಅನ್ನ ತಿಂತೀಯೋ ಮಣ್ಣು ತಿಂತೀಯೋ?’

ಆ ಮಾತು ನನ್ನದಲ್ಲ. ಮೂವತ್ತೊಂದು ವರ್ಷ ಮೇಸ್ತ್ರಿಗಳಿಂದ ನನಗೆ ಬೀಳ್ತಿದ್ದ ಮಾತು, ಅಕ್ಷರ ತಪ್ಪದೆ. ಕರಣೆ ಕೈಗೆ ಬಂದು ಒಂದು ಗಂಟೆ ಆಗಿರಲಿಲ್ಲ, ಅವರ ಬಾಯಿ ನನಗೆ ಬಂದುಬಿಡ್ತು. ನೀವು ಸುಮ್ಮನೆ ತಲೆ ತಗ್ಗಿಸಿ ಬಾಂಡ್ಲಿ ವಾಪಸ್ ತಗೊಂಡು ಹೋದ್ರಿ. ನಾನೂ ಹಾಗೇ ತಲೆ ತಗ್ಗಿಸ್ತಿದ್ದೆ. ತಪ್ಪಾಯ್ತು. ಕಾಲು ಮುಟ್ಟಿ ಕೇಳೋಷ್ಟು ತಪ್ಪಾಯ್ತು.

ಗೋಡೆಗೆ ದಿನಕ್ಕೆ ಮೂರು ಸಲ ನೀರು ಹೊಡೀತಿದ್ದೀನಿ. ಹಿಡ್ಕೊಂಡಿದೆ. ಅಷ್ಟು ಮಟ್ಟ ಬಂದಿಲ್ಲ, ಆದ್ರೆ ತಟ್ಟಿದ್ರೆ ಎಲ್ಲೂ ಟೊಳ್ಳು ಸದ್ದಿಲ್ಲ.

ಇಂತಿ,
ಬಾಯಿ ಹತೋಟಿ ತಪ್ಪಿದವಳು


ಮೇ ೩

ಮೇಸ್ತ್ರಮ್ಮನವರಿಗೆ,

ಹೌದು, ಇನ್ನು ಮೇಲೆ ಹೀಗೇ ಕರೆಯುವುದು ಎಂದು ಡ್ರೈವರ್, ಮೇಡಂ, ನಾನು ಮೂವರೂ ತೀರ್ಮಾನಿಸಿದ್ದೇವೆ. ನೀವು ಒಪ್ಪದಿದ್ದರೂ ಬದಲಾಗುವುದಿಲ್ಲ.

ಬೈದದ್ದರಿಂದ ನೋವಾಯಿತು, ಸುಳ್ಳು ಹೇಳುವುದಿಲ್ಲ. ಅಂಗಡಿಯಲ್ಲಿ ನನ್ನನ್ನು ಯಾರೂ ಹಾಗೆ ಅಂದಿಲ್ಲ. ಆದರೆ ಬಾಂಡ್ಲಿ ವಾಪಸ್ ಒಯ್ಯುವಾಗ ನಾನು ಯೋಚಿಸಿದ್ದು ಬೇರೆ. ಆ ಮೊದಲ ಭಾನುವಾರ ನೀವು ಓಡಿಬಂದು ಮಾಲು ನೀರಾಗಿದೆ ಎಂದಾಗ ನಾನು ನಯವಾಗಿ ಭುಜ ಹಿಡಿದು ಹೊರಗೆ ಕಳಿಸಿದೆ. ಒರಟಾಗಿ ಒಂದು ಮಾತೂ ಆಡಲಿಲ್ಲ. ಅದೂ ಬೈದ ಹಾಗೇ ಅಲ್ಲವೇ? ನೀವು ಎರಡೇ ದಿನದಲ್ಲಿ ತಪ್ಪಾಯಿತು ಎಂದಿರಿ. ನಾನು ಇವತ್ತು ಹೇಳುತ್ತಿದ್ದೇನೆ: ತಪ್ಪಾಯಿತು.

ಅಂದಹಾಗೆ, ನೀವು ಆಮೇಲೆ ತೋರಿಸಿಕೊಟ್ಟ ಪರೀಕ್ಷೆ ಬಹಳ ಚೆನ್ನಾಗಿದೆ. ಮಾಲನ್ನು ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಬೆರಳಿನ ಗುರುತು ನಿಲ್ಲಬೇಕು, ನೀರು ಜಿನುಗಬಾರದು. ಹನಿ ಲೆಕ್ಕ ಹಾಕಿದ್ದೆಲ್ಲ ದಂಡ. ಕೈಪಿಡಿಯನ್ನು ಹಿಂದಕ್ಕೆ ಪಡೆದಿದ್ದೇನೆ.

ನಿಮ್ಮ ಮಾಲು ಕಲಸುವವನು,
ಔಷಧಿ ಅಂಗಡಿಯವನು


ಜೂನ್ ೪

ಮೇಸ್ತ್ರಮ್ಮನವರಿಗೆ,

ನಿನ್ನೆ ಬಂದು ಗೋಡೆ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಎಲ್ಲಾ ಕಡೆ ಒಣಗಿ ಬೆಳ್ಳಗಾಗಿದೆ, ಆ ಎಡಮೂಲೆಯಲ್ಲಿ ಮಾತ್ರ ತಟ್ಟೆಯಗಲ ತೇವದ ಕಪ್ಪು ಕಲೆ ಹಾಗೇ ಇದೆ. ನರ್ಸಮ್ಮ ಬರಲು ಆರೇ ದಿನ.

ನನಗೊಂದು ಉಪಾಯ ಹೊಳೆದಿದೆ. ಮುಂದಿನ ಕೋಣೆಯ ಬೀರುವನ್ನು ಆ ಮೂಲೆಗೆ ಸರಿಸಿದರೆ ಕಲೆ ಪೂರ್ತಿ ಮುಚ್ಚುತ್ತದೆ. ಅಕ್ಕನವರ ಬಟ್ಟೆಗೂ ಬೀರು ಬೇಕೇ ಬೇಕು. ಒಂದೆರಡು ವಾರದಲ್ಲಿ ಆ ಮೂಲೆಯೂ ತಾನಾಗಿ ಒಣಗುತ್ತದೆ. ನಾನು, ಡ್ರೈವರ್ ಇಬ್ಬರೂ ಶನಿವಾರ ಬಂದು ಸರಿಸಿಕೊಡುತ್ತೇವೆ. ಇಷ್ಟು ದೂರ ಬಂದು ಒಂದು ತಟ್ಟೆಯಗಲಕ್ಕೆ ಸೋಲುವುದು ಬೇಡ.

ಔಷಧಿ ಅಂಗಡಿಯವನು


ಜೂನ್ ೬

ಅಂಗಡಿಯವರೇ,

ಬೇಡ.

ನಿಮಗೆ ನನ್ನ ಅಕ್ಕನ ಮೇಲೆ ಇಷ್ಟು ಕಾಳಜಿ ಬಂದಿದೆಯಲ್ಲ, ಅದಕ್ಕೆ ನನ್ನ ಹೊಟ್ಟೆ ತಣ್ಣಗಾಯ್ತು. ಆದ್ರೆ ಬೀರು ಅಡ್ಡ ಇಟ್ಟರೆ ನರ್ಸಮ್ಮನ ಕಣ್ಣಿಗೆ ಕಾಣಲ್ಲ, ಅಕ್ಕನ ಎದೆಗೆ ಕಾಣುತ್ತೆ. ಬೀರು ಹಿಂದೆ ಗಾಳಿ ಆಡಲ್ಲ, ಒಣಗೋದೂ ಇಲ್ಲ. ಮರೆಮಾಡೋ ಕೆಲಸ ಒಂದು ಸಲ ಮಾಡಿ ಆಯ್ತಲ್ಲ ನಾವು, ಹಳದಿ ಬಣ್ಣದಲ್ಲಿ.

ಹೊರಗೆ ಆ ಮೂಲೇಲಿ ಕಾಲುವೆ ಒಳಗೆ ಮಣ್ಣು ಕುಸಿದಿತ್ತು. ನಿನ್ನೆ ತೆಗೆದೆ. ಲೆಕ್ಕದ ಪ್ರಕಾರ ಹದಿನೈದು ದಿನ ಬೇಕು. ನರ್ಸಮ್ಮನಿಗೆ ಹಾಗೇ ಹೇಳ್ತೀನಿ. ನನ್ನ ಗೋಡೆ, ನನ್ನ ಬಾಯಿ. ನೀವು ಅಂಗಡೀಲಿ ನೆಮ್ಮದಿಯಾಗಿರಿ.

ಇಂತಿ,
ಮೇಸ್ತ್ರಮ್ಮ (ಆಗಲಿ, ಒಪ್ಪಿದೆ)


ಜೂನ್ ೨೭

ಅಂಗಡಿಯವರಿಗೆ,

ಹತ್ತನೇ ತಾರೀಕು ಏನಾಯ್ತು ಅಂತ ಚುಟುಕಾಗಿ ಹೇಳಿ ಕಳಿಸಿದ್ದೆ. ಈಗ ಪೂರ್ತಿ ಬರೀತೀನಿ, ಕೈ ಬಿಡುವಾಗಿದೆ.

ನರ್ಸಮ್ಮ ಬಂದವರೇ ಕೋಣೆ ಮಧ್ಯ ನಿಂತು ಮೂಗಿನಿಂದ ಉಸಿರೆಳೆದು ನೋಡಿದ್ರು. ‘ಚೆನ್ನಾಗಿದೆ’ ಅಂತ ಪೆನ್ನು ತೆಗೆದ್ರು. ಅವರು ಆ ಮೂಲೆ ಕಡೆ ನೋಡಿರಲೇ ಇಲ್ಲ! ಒಂದು ಗಳಿಗೆ, ದೇವರಾಣೆ, ಹಾಗೇ ಬಿಟ್ಬಿಡೋಣ ಅನ್ನಿಸ್ತು. ಸಹಿ ಬಿದ್ರೆ ನಾಳೆನೇ ಅಕ್ಕ ಮನೇಲಿ. ಆಮೇಲೆ ಅವರ ಕೈ ಹಿಡ್ಕೊಂಡು ಹೋಗಿ ಮೂಲೆ ಮುಟ್ಟಿಸ್ದೆ. ಇಲ್ಲಿ ಇನ್ನೂ ಹತ್ತು ದಿನ ಬೇಕು ಅಂದೆ. ಯಾಕೆ ಒದ್ದೆ, ಎಲ್ಲಿಂದ ನೀರು, ಏನು ಮಾಡಿದ್ದೀನಿ ಅಂತ ಹೊರಗೆ ಕರ್ಕೊಂಡು ಹೋಗಿ ಕಾಲುವೇನೂ ತೋರಿಸ್ದೆ. ‘ನಿಮಗೆ ಇಷ್ಟೆಲ್ಲ ಹೇಳಿದ್ದು ಯಾವ ಮೇಸ್ತ್ರಿ?’ ಅಂದ್ರು. ‘ಯಾರೂ ಹೇಳಲಿಲ್ಲ, ಮೇಸ್ತ್ರಿ ನಾನೇ’ ಅಂದೆ. ಅವರು ಮೇಲಿಂದ ಕೆಳಗೆ ಒಂದು ಸಲ ನನ್ನ ನೋಡಿ ಪೆನ್ನು ಜೇಬಿಗೆ ಹಾಕ್ಕೊಂಡ್ರು. ಇನ್ನೊಂದು ವರ್ಷ ಅಂತಾರೆ ಅಂದ್ಕೊಂಡೆ. ‘ಇಪ್ಪತ್ತೊಂದಕ್ಕೆ ಮತ್ತೆ ಬರ್ತೀನಿ’ ಅಂದ್ರು.

ಇಪ್ಪತ್ತೊಂದಕ್ಕೆ ಬಂದು ಅಂಗೈ ಇಟ್ಟು ನೋಡಿ ಸಹಿ ಹಾಕಿದ್ರು. ಮೊನ್ನೆ ಅಕ್ಕನ್ನ ಕರ್ಕೊಂಡು ಬಂದ್ವಿ. ಡ್ರೈವರ್ ಅವರು ರಜೆ ಹಾಕಿ ಬಂದು ಅವಳನ್ನ ಎತ್ತಿ ಇಳಿಸಿದ್ರು.

ಅಕ್ಕ ಮಲಗಿದ ಮೇಲೆ ಗೋಡೇನ ಬಹಳ ಹೊತ್ತು ನೋಡಿದಳು. ‘ಅಲ್ಲಿ ಸ್ವಲ್ಪ ಉಬ್ಬಿದೆ’ ಅಂದಳು. ಅಷ್ಟೇ. ಎರಡು ವರ್ಷ ಆದ್ಮೇಲೆ ಮನೆಗೆ ಬಂದು ಮೊದಲು ಆಡಿದ ಮಾತು! ಮೊದಲನೇ ಗೋಡೆ, ಅಷ್ಟು ಉಬ್ಬುತ್ತೆ ಅಂದೆ. ‘ನೀನು ಮಾಡಿದ್ದಾ?’ ಅಂತ ಎದ್ದು ಕೂತಳು. ಆಮೇಲೆ ನನ್ನ ಬಲಗೈ ಎಳ್ಕೊಂಡು ತನ್ನ ಮಡಿಲಲ್ಲಿಟ್ಟುಕೊಂಡು, ಬೆರಳು ಒಂದೊಂದಾಗಿ ಒತ್ತಿದಳು. ನಾನು ಮೊದಲು ಕೆಲಸಕ್ಕೆ ಹೋದ ದಿನ ಕೈ ಬೊಬ್ಬೆ ಬಂದಾಗ ಹಾಗೇ ಒತ್ತಿದ್ದಳು. ಆಗ ನಾನು ಇಪ್ಪತ್ತರವಳು.

ಈ ಭಾನುವಾರ ಬಳಗದ ಮುಂದಿನ ಕೆಲಸಕ್ಕೆ ಗಡಿಯಾರ ರಿಪೇರಿಯವರ ಮನೆಗೆ ಬನ್ನಿ ಅಂತ ಕೇಳಿದ್ರಲ್ಲ, ಬರ್ತೀನಿ. ಅಕ್ಕನ ಸ್ನಾನ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರ್ತೀನಿ. ಮರಳು ಜರಡಿ ಹಿಡಿದಿಟ್ಟಿರಿ, ನಾನು ಬರೋವರೆಗೆ ನೀರು ಮುಟ್ಟಬೇಡಿ. ಆ ಗಡಿಯಾರದವರನ್ನ ಪಕ್ಕದ ಮನೆಗೆ ಕಳಿಸಬೇಡಿ. ಅವರ ಮನೆ ಗೋಡೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ, ಮೊದಲು ಕೂತು ಕೇಳೋಣ.

ಇನ್ನೊಂದು ಹೇಳಿ ಮುಗಿಸ್ತೀನಿ. ಮೊದಲ ರಾತ್ರಿ ಅಕ್ಕ ಒಂದು ಸಲಾನೂ ಕೆಮ್ಮಲಿಲ್ಲ. ನನಗೇ ಅಭ್ಯಾಸ ಇಲ್ಲ ನೋಡಿ, ಎರಡು ಸಲ ಎದ್ದು ಹೋಗಿ ಮೂಗಿನ ಹತ್ತಿರ ಕೈ ಇಟ್ಟು, ಉಸಿರಾಡ್ತಿದ್ದಾಳಾ ಅಂತ ನೋಡಿ ಬಂದೆ. ಎರಡನೇ ಸಲ ಕಣ್ಣು ಮುಚ್ಚಿಕೊಂಡೇ ‘ಬದುಕಿದ್ದೀನಿ, ಹೋಗಿ ಮಲ್ಕೋ’ ಅಂದಳು.

ಇಂತಿ,
ಮೇಸ್ತ್ರಮ್ಮ